ವರ್ನಾ ಇನ್ನೂ ಬರೆಯುತ್ತಿದ್ದಾಳೆ

ಅಮೆರಿಕದ ಡುಲುತ್ ಊರಿನ ನಮ್ಮ ಪರೀಕ್ಷಾ ಕೇಂದ್ರದಲ್ಲಿ ನರ್ಸಿಂಗ್ ಪರೀಕ್ಷೆ ಬರೆಯುತ್ತಿದ್ದಾಗಲೇ ವರ್ನಾ ಕುಸಿದು ತೀರಿಕೊಂಡಳು. ಮಕ್ಕಳನ್ನೆಲ್ಲ ದಡ ಸೇರಿಸಿ, ಐವತ್ತು ದಾಟಿದ ಮೇಲೆ ಓದಲು ಕೂತವಳು. ಅಂದು ಮೇಲ್ವಿಚಾರಕಿಯಾಗಿದ್ದ ನಾನೇ ಅವಳ ಕಂಪ್ಯೂಟರನ್ನು ಆಫ್ ಮಾಡಿದೆ.

ಮರುದಿನ ಮಧ್ಯಾಹ್ನ, ಉತ್ತರಗಳನ್ನು ತಾನಾಗಿಯೇ ಮುಖ್ಯ ಕಚೇರಿಗೆ ಕಳಿಸುವ ಸಾಫ್ಟ್‌ವೇರ್ ವರ್ನಾಳ ಹೆಸರಲ್ಲಿ ಹೊಸ ಉತ್ತರವೊಂದನ್ನು ಕಳಿಸಿತು. ಸಂಜೆಗೆ ಇನ್ನೊಂದು. ಸದ್ದು ತಡೆಯಲು ಅವಳು ಹಾಕಿಕೊಂಡಿದ್ದ ಹೆಡ್‌ಫೋನ್ ಮುಟ್ಟಿದರೆ ಬೆಚ್ಚಗಿತ್ತು.

“ನಮ್ಮ ಮೇಜಿನಿಂದಲೇ ಬಟನ್ ಒತ್ತಿ ಅವಳ ಪರೀಕ್ಷೆ ಮುಗಿಸಿಬಿಡೇ. ಪಾಪ, ಮಲಗಲಿ,” ಎಂದಳು ಜೊತೆಗಾತಿ ಜೋಲೀನ್.

“ನಡುವೆ ಮುಗಿಸಿದ್ರೆ ಫೇಲ್ ಅಂತ ಬರುತ್ತೆ ಕಣೇ. ಸತ್ತವಳನ್ನೂ ಫೇಲ್ ಮಾಡ್ತೀಯಾ? ಧೈರ್ಯ ಇದ್ರೆ ನೀನೇ ಒತ್ತು.”

ಅವಳೂ ಒತ್ತಲಿಲ್ಲ.

ಚಳಿಗಾಲ ಕಳೆಯಿತು. ಈಗ ಕೊನೆಯ ಪ್ರಶ್ನೆಯೊಂದೇ ಉಳಿದಿದೆ. ವಾರಗಳಾದವು, ಅದಕ್ಕೆ ಉತ್ತರ ಬಂದಿಲ್ಲ. ಒಮ್ಮೊಮ್ಮೆ ಹೋಗಿ ಆ ಕುರ್ಚಿಯ ಪಕ್ಕ ನಿಲ್ಲುತ್ತೇನೆ. ನಾವು ಹೇಳಿಕೊಡುವಂತಿಲ್ಲ.