ರಬ್ಬರಿನ ಪುಡಿ ಮತ್ತು ನಾಲ್ಕು ರ‍್ಯಾಮ್

ಸೋಮವಾರ ಬೆಳಿಗ್ಗೆ ನಿಪ್ಪಾಣಿಯ ತಾರಾಬಾಯಿಯವರ ಕಂಪ್ಯೂಟರ್ ಕ್ಲಾಸಿನಲ್ಲಿ ಎಂಟರ ಪೈಕಿ ನಾಲ್ಕು ಯಂತ್ರಗಳು ಒಟ್ಟಿಗೇ ಕಿರುಚಿಕೊಂಡವು. ಬೀಪ್, ಬೀಪ್, ಬೀಪ್. ಪರದೆಯೆಲ್ಲ ಕಪ್ಪು.

ಪಾಠ ಹೇಳುವ ಸಂಗ್ರಾಮ ಒಂದರ ಡಬ್ಬಿ ಬಿಚ್ಚಿದ. "ರ‍್ಯಾಮ್ ಇಲ್ರಿ." ಇನ್ನೊಂದನ್ನು ಬಿಚ್ಚಿದ. "ಇದರಾಗೂ ಇಲ್ರಿ."

ರ‍್ಯಾಮ್ ಎಂದರೆ ಗೇಣುದ್ದವೂ ಇಲ್ಲದ ಹಸಿರು ಪಟ್ಟಿ. ಅದಿಲ್ಲದಿದ್ದರೆ ಕಂಪ್ಯೂಟರಿಗೆ ಏನೂ ನೆನಪಿರುವುದಿಲ್ಲ, ತಾನು ಕಂಪ್ಯೂಟರ್ ಎಂಬುದು ಕೂಡ. ಬುಧವಾರ ಪರೀಕ್ಷೆ. ಬೆಳಿಗ್ಗೆ ತೆಗೆಯುವಾಗ ಬಾಗಿಲ ಬೀಗ ಮಾತ್ರ ಹಾಕಿದ್ದು ಹಾಕಿದಂತೆಯೇ ಇತ್ತು.

"ಶನಿವಾರ ಧೂಳು ಹೊಡ್ಯಾಕ ಬಂದು ಎಲ್ಲಾ ಡಬ್ಬಿ ಬಿಚ್ಚಿದಾಕಿ ಯಾರ್ರಿ ಬಾಯಾರ?" ಎಂದ ಸಂಗ್ರಾಮ. "ವಾಜಿದಾ. ಹಳೇ ಸಾಮಾನು ಮಾರೋರಿಗೆ ಹಳೇ ಸಾಮಾನು ಎಲ್ಲಿಂದ ಬರ್ತಾವ? ಹೊಸಾದ ತಗೋರಿ ಅಂತ ನಾ ಮೊದಲ ಬಡಕೊಂಡಿದ್ದೆ."

ನಾಲ್ಕು ಹೊಸ ಕಂಪ್ಯೂಟರಿನ ದುಡ್ಡಿಗೆ ವಾಜಿದಾ ಎಂಟು ರಿಪೇರಿ ಮಾಡಿದವನ್ನು ಕೊಟ್ಟಿದ್ದಳು, ವರ್ಷದ ವಾರಂಟಿ ಸಮೇತ. ಅಂದು ಆಕೆಯನ್ನು ಹೊಗಳಿದ ತಾರಾಬಾಯಿ ಈಗ ಸೆರಗು ಸಿಕ್ಕಿಸಿ ಬಸ್ ನಿಲ್ದಾಣದ ಹತ್ತಿರದ ಅವಳ ಅಂಗಡಿಯ ಕಡೆ ಹೊರಟರು. ಕಸ ಗುಡಿಸುವ ಕೆಂಪವ್ವ ಪೊರಕೆ ಇಟ್ಟು ಹಿಂದೆಯೇ ನಡೆದಳು. ಕರೆದವರು ಯಾರೂ ಇರಲಿಲ್ಲ.

* * *

ವಾಜಿದಾಳ ಅಂಗಡಿ ನಾಲ್ಕು ಹೆಜ್ಜೆ ಅಗಲ. ತೆರೆದ ಖಾನೆಯಲ್ಲಿ ರ‍್ಯಾಮ್‌ಗಳಿದ್ದವು. ಎಣಿಸಿದರೆ ಸರಿಯಾಗಿ ನಾಲ್ಕು!

"ಸಿಕ್ಕವು ನೋಡು!" ಎಂದರು ತಾರಾಬಾಯಿ.

"ಕಾಕು, ಇವು ಕೊಲ್ಹಾಪುರದಿಂದ ಬಂದಾವು. ಶನಿವಾರ ನಿಮ್ಮವು ಎಂಟೂ ಚಾಲೂ ಮಾಡಿ ಸಂಗ್ರಾಮ ಸರ್‌ಗೆ ತೋರ್ಸೇನಿ."

"ಅಂವ ಆಗ ಚಹಾಕ್ಕ ಹೋಗಿದ್ನಂತ. ನಾಳೆ ಹನ್ನೊಂದಕ್ಕ ಕ್ಲಾಸಿಗೆ ಬಾ. ರ‍್ಯಾಮ್ ತರದಿದ್ರ ಪೊಲೀಸ್ರನ್ನ ಕರೀತೀನಿ."

ವಾಜಿದಾಳ ಮುಖ ಸಣ್ಣದಾಯಿತು. ಹಳೆಯ ಸಾಮಾನು ಮಾರುವವರನ್ನು ಜನ ಮೊದಲೇ ಅರ್ಧ ನಂಬುತ್ತಾರೆ. ಒಮ್ಮೆ ಪೊಲೀಸರು ಹೊಸ್ತಿಲು ತುಳಿದರೆ ಉಳಿದ ಅರ್ಧವೂ ಹೋಗುತ್ತದೆ, ಮೂರು ವರ್ಷದ ಅಂಗಡಿಗೆ ಬೀಗ ಬೀಳುತ್ತದೆ.

ಕೆಂಪವ್ವ ಆ ನಾಲ್ಕನ್ನೂ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. "ಇವು ನಮ್ಮವಲ್ರಿ ಬಾಯಾರ."

"ನಿನಗೇನ್ ತಿಳೀತೈತಿ ಬೇ ರ‍್ಯಾಮು?"

"ರ‍್ಯಾಮ್ ತಿಳ್ಯಾಂಗಿಲ್ರಿ. ನಮ್ಮವು ತಿಳೀತಾವು."

ಕೆಂಪವ್ವನಿಗೂ ವಾಜಿದಾಳಿಗೂ ಹಳೆಯ ಜಗಳವಿತ್ತು. ಹೋದ ಖಂಡೇನವಮಿಯ ದಿನವೇ, ಆಯುಧಪೂಜೆಯ ಹೊತ್ತಿಗೆ, ಈ ಕಂಪ್ಯೂಟರುಗಳು ಬಂದಿದ್ದವು. ಮೇಜಿನ ಮೇಲೆ ಬಿಡಿಭಾಗಗಳನ್ನು ಹರಡಿ ವಾಜಿದಾ ಜೋಡಿಸುವ ಹೊತ್ತಿಗೆ, ಕೆಂಪವ್ವ ಒದ್ದೆ ಬೆರಳಿನಿಂದ ಒಂದನ್ನೂ ಬಿಡದೆ ಕುಂಕುಮ ಹಚ್ಚಿ ಕೈಮುಗಿದಿದ್ದಳು. "ಮಾವಶಿ, ಸುಟ್ಟು ಹೋಗ್ತಾವು!" ಎಂದು ವಾಜಿದಾ ಚೀರಿ, ಬಟ್ಟೆ ತಂದು ಒರೆಸಿದ್ದಳು. ಅಂದಿನಿಂದ ಮಾತು ಬಿಟ್ಟಿದ್ದರು.

* * *

ಮಂಗಳವಾರ ಹನ್ನೊಂದು ಗಂಟೆ. ವಾಜಿದಾ ಬರಿಗೈಯಲ್ಲಿ ಬಂದು ಗೋಡೆಗೆ ಒರಗಿ ನಿಂತಳು. ಸಂಗ್ರಾಮ ಬೀಗುತ್ತ ಬಂದ. ಚಿಕ್ಕೋಡಿಯಲ್ಲಿ ಅವನ ಭಾವ ಹೊಸ ಕಂಪ್ಯೂಟರ್ ಅಂಗಡಿ ತೆಗೆದಿದ್ದನಂತೆ. ಅಲ್ಲಿಂದ ತಂದ ಹೊಸ ರ‍್ಯಾಮ್ ಎಂದು ಮೇಜಿನ ಮೇಲೆ ನಾಲ್ಕು ಮಿರುಗುವ ಪೊಟ್ಟಣ ಇಟ್ಟ.

"ನೋಡ್ರಿ, ಸೀಲ್ ಪ್ಯಾಕ್. ಸೀದಾ ಫ್ಯಾಕ್ಟರಿ ಮಾಲು."

ತಾರಾಬಾಯಿ ಫೋನ್ ಎತ್ತಿಕೊಂಡರು, ಪೊಲೀಸರಿಗೆ. ಅಷ್ಟರಲ್ಲಿ ಕೆಂಪವ್ವ ಕುಂಕುಮದ ಭರಣಿ ಹಿಡಿದು ಅಡ್ಡ ಬಂದಳು. "ತಡೀರಿ ಬಾಯಾರ. ಹೊಸಾ ಸಾಮಾನು, ಪೂಜಾ ಮಾಡದ ಹೆಂಗ ಹಾಕೂದು?"

ಸಂಗ್ರಾಮ ಬೇಡವೆನ್ನುವುದರೊಳಗೆ ಪೊಟ್ಟಣ ಹರಿದಿತ್ತು. ಕೆಂಪವ್ವ ರ‍್ಯಾಮನ್ನು ಕಣ್ಣಿನ ಹತ್ತಿರ ಹಿಡಿದಳು.

"ಸರ್, ಆ ಫ್ಯಾಕ್ಟರ‍್ಯಾಗ ಖಂಡೇನವಮಿ ಮಾಡ್ತಾರೇನ್ರಿ?"

ಹಸಿರು ಪಟ್ಟಿಯ ಕರಿ ಚೌಕಗಳ ಸಂದಿಯಲ್ಲಿ ಕೆಂಪಗೆ ಕುಂಕುಮ ಕೂತಿತ್ತು. ಉಳಿದ ಮೂರರಲ್ಲೂ ಅಷ್ಟೇ. ತಾರಾಬಾಯಿ ಫೋನ್ ಕೆಳಗಿಟ್ಟರು.

ಕೆಂಪವ್ವ ಸೊಂಟದ ಚೀಲದಿಂದ ಕಾಗದದ ಚೀಟಿ ಬಿಚ್ಚಿದಳು. ಒಳಗೆ ಗುಲಾಬಿ ಪುಡಿ. "ಶನಿವಾರ ವಾಜಿದಾ ಹೋದ ಮ್ಯಾಗ ನಾ ಕಸಾ ಹೊಡದೆ, ಸರ್ ಕೀಲಿ ಹಾಕಿದ್ರು. ಸೋಮವಾರ ಹೊಕ್ಕ ಕೂಡ್ಲೆ ಹೊಡದ್ರ ಸರ್ ಮೇಜಿನ ಕೆಳಗ ಇದು ಬಿದ್ದಿತ್ತು. ಅಳಸೂ ರಬ್ಬರಿಂದು. ಪೆನ್ಸಿಲ್ಲ ಇಲ್ಲದ ಕ್ಲಾಸಿನ್ಯಾಗ ಅಳಸೂದೇನೈತ್ರಿ? ಅಂದ್ರ ರವಿವಾರ ಕೀಲಿ ತಗದು ಯಾರೋ ಒಳಗ ಬಂದಾರ. ಕೀಲಿ ಇರೂವು ಎರಡ, ಒಂದು ನಿಮ್ಮ ಹತ್ರ, ಒಂದು ಸರ್ ಹತ್ರ. ನೀವು ರವಿವಾರ ರಾಯಬಾಗದಾಗ ಇದ್ರಿ."

ಉಳಿದದ್ದನ್ನು ವಾಜಿದಾ ಹೇಳಿದಳು. ಅವಳ ದನಿ ಈಗ ಗಟ್ಟಿಯಾಗಿತ್ತು. "ರಬ್ಬರಿಂದ ತಿಕ್ಕಿದ್ರ ಇದರ ಬಂಗಾರ ಬಣ್ಣದ ಹಲ್ಲು ಹೊಸಾದರಂಗ ಹೊಳೀತಾವ ಕಾಕು. ನಾವೂ ಹಂಗ ಸ್ವಚ್ಛ ಮಾಡ್ತೀವಿ, ಆದ್ರ ಹೊಸಾದು ಅಂತ ಮಾರಂಗಿಲ್ಲ. ಹಲ್ಲು ತಿಕ್ಕ್ಯಾನ, ಮ್ಯಾಲೆ ನಾ ಅಂಟಿಸಿದ್ದ ವಾರಂಟಿ ಚೀಟಿ ಕಿತ್ತಾನ. ಸಂದ್ಯಾಗ ಮಾವಶಿ ಇಟ್ಟ ಕುಂಕುಮ ಇವನ ಕಣ್ಣಿಗೆ ಬಿದ್ದಿಲ್ಲ."

ತಾರಾಬಾಯಿ ಸಂಗ್ರಾಮನ ಮೇಜಿನ ಖಾನೆ ಎಳೆದರು. ಅರ್ಧ ಸವೆದ ಗುಲಾಬಿ ರಬ್ಬರು ಉರುಳಿ ಬಂತು.

"ಭಾವನ ಅಂಗಡಿ ನಡೀವಲ್ದಾಗಿತ್ರಿ," ಎಂದು ಸಂಗ್ರಾಮ ತಲೆ ತಗ್ಗಿಸಿದ. "ಇಕಿ ಹೆಸರು ಕೆಟ್ರ ಗಿರಾಕಿ ಅಲ್ಲಿಗೆ ಬರ್ತಾರ ಅಂತ..."

"ಕೀಲಿ ಇಡು. ನಡಿ."

ಅವನು ಹೋದ ಮೇಲೆ ತಾರಾಬಾಯಿ ವಾಜಿದಾಳ ಕೈ ಹಿಡಿದುಕೊಂಡರು. "ನನ್ನದ ತಪ್ಪಾತವಾ. ಹೊಟ್ಟ್ಯಾಗ ಹಾಕ್ಕೋ." ವಾಜಿದಾ ಕಣ್ಣೊರೆಸಿಕೊಂಡು ನಾಲ್ಕೂ ರ‍್ಯಾಮ್ ಹಾಕಿದಳು. ನಾಲ್ಕೂ ಪರದೆ ಬೆಳಗಿದವು.

ಬುಧವಾರ ಪರೀಕ್ಷೆ ನಡೆಯಿತು. ಗುರುವಾರ ಕೆಂಪವ್ವನನ್ನು ವಾಜಿದಾ ಅಂಗಡಿಗೆ ಕರೆಸಿ ಸ್ಟೂಲು ಹಾಕಿದಳು. "ಮಾವಶಿ, ಇಲ್ಲಿರೂ ಸಾಮಾನಿಗೆಲ್ಲಾ ಒಂದೊಂದು ಬೊಟ್ಟು ಇಡು. ಹಲ್ಲಿಗೆ ಮಾತ್ರ ಬ್ಯಾಡ."

ಈಗ ಗಿರಾಕಿಗಳು ಆ ಕೆಂಪು ಬೊಟ್ಟು ನೋಡಿ ಕೇಳುತ್ತಾರೆ, "ಇದು ಹೊಸಾದೇನ್ರಿ?"

"ಅಲ್ರಿ, ಹಳೇದು, ನಾನ ರಿಪೇರಿ ಮಾಡಿದ್ದು," ಎನ್ನುತ್ತಾಳೆ ವಾಜಿದಾ. "ಅದಕ್ಕ ವಾರಂಟಿ ಕೊಡ್ತೀನಿ."