ತುದಿಯ ಕೆಂಪು ಕೋಣೆ

ಪರದೆ ಹೊಲಿಯುವ ಅಳತೆಗೆಂದು ಮಾರನಹಳ್ಳಿಯ ಹೊಸ ಹೋಂಸ್ಟೇಗೆ ಬಂದಿದ್ದ ಪೂಜಿತಾ, ಗೇಟಿನಲ್ಲೇ ನಿಂತುಬಿಟ್ಟಳು.

ಹಳದಿ ಕೋಣೆಯ ಮೇಲೆ ನೀಲಿ ಕೋಣೆ, ಅದರ ಮೇಲೆ ಓರೆಯಾಗಿ ಕೂತ ಹಸಿರು ಕೋಣೆ. ಯಾವುದೋ ಮಗು ಆಡಿ ಎದ್ದುಹೋದ ಹಾಗಿತ್ತು ಕಟ್ಟಡ. ತುದಿಯಲ್ಲಿ ಮಾತ್ರ ಬರೀ ಕಂಬಿಗಳು.

ಇದು... ಇದು ನಮ್ಮ ಮನೆಯಲ್ಲವೇ?

ಬಾಳ್ಳುಪೇಟೆಯ ಸಾಮಿಲ್‌ನಲ್ಲಿ ಕೂಲಿಗಿದ್ದ ಅವಳ ಅಪ್ಪ ಲಕ್ಕಪ್ಪ, ಉಳಿದ ಮರದ ತುಂಡುಗಳಿಗೆ ಬಣ್ಣ ಬಳಿದು ತಂದುಕೊಡುತ್ತಿದ್ದ. ಎಸ್ಟೇಟ್ ಮನೆಯ ಲೋಹಿತ್ ಜೊತೆ ಚಿಕ್ಕಂದಿನಲ್ಲಿ ಕಾಫಿ ಒಣಗಿಸುವ ಕಣದಲ್ಲಿ ಕೂತು ಅವಳು ಕಟ್ಟುತ್ತಿದ್ದದ್ದು ಇದೇ ಮನೆ. ತುದಿಗೆ ಕೆಂಪು ತುಂಡು ಇಟ್ಟವರದ್ದೇ ಮನೆ ಎಂಬುದು ಆಟದ ಕಾನೂನು. ಲೋಹಿತ್ ಪ್ರತಿ ಸಲವೂ ಅದನ್ನು ಅವಳ ಕೈಗೇ ಕೊಡುತ್ತಿದ್ದ.

"ಬಂದ್ಯಾ ಪೂಜಿ?"

ಒಳಗಿನಿಂದ ಬಂದವನು ಅವನೇ.

"ನಿಮ್ದು ಅಂತ ಗೊತ್ತಿದ್ರೆ ಬರ್ತಿರ್ಲಿಲ್ಲ. ಯಾರಿಗೆ ಕಟ್ಸಿದ್ದು? ಮದ್ವೆಗೆ ಹುಡುಗಿ ಗೊತ್ತಾದ್ಲಾ?"

"ನಿಂಗೇ ಕಣೇ."

ಅವಳ ಮೈ ಉರಿದುಹೋಯಿತು. ಹೋದ ವರ್ಷ ಅವನ ಮನೆಯವರು ಅವಳನ್ನು ಹೆಣ್ಣು ಕೇಳಲು ಬರುತ್ತೇವೆಂದಿದ್ದ ದಿನವೇ ಅವನ ಅಜ್ಜಿ ತೀರಿಕೊಂಡಿದ್ದರು. ತಿಥಿ ಮುಗಿಯಲಿ ಎಂದು ಇವಳ ಮನೆಯವರು ಕಾದರು. ಆಮೇಲೂ ಅವನಿಂದ ಒಂದು ಫೋನಿಲ್ಲ.

"ವರ್ಷ ತುಂಬೋಗಂಟ ಮದ್ವೆ ಮಾತು ಎತ್ತಬಾರ್ದು ಅಂದ್ರು ಮನೇಲಿ. ನಿಂಗೆ ಗೊತ್ತಿರ್ತೈತೆ ಅಂದ್ಕೊಂಡೆ. ಬಾಯಿ ಮುಚ್ಕೊಂಡು ಇದನ್ನ ಕಟ್ಟಿಸ್ತಾ ಕೂತೆ."

"ಕಾಯ್ತಾ ಇರು ಅಂತ ಒಂದ್ ಮಾತು ಹೇಳಕ್ಕೂ ಸೂತಕನಾ?"

ಅವಳು ಅಷ್ಟಕ್ಕೇ ಬಿಡಲಿಲ್ಲ.

"ಕೂಲಿಯವನ ಮಗಳು ಅಂತ ಬರ್ಲಿಲ್ಲ ಕಣವ್ವಾ ಅಂದ್ಕಂಡೇ ಅಪ್ಪ ಹೋಗ್ಬುಟ್ಟ. ಅಲ್ಲ ಅನ್ನಕ್ಕೆ ನನ್ನತ್ರ ಏನಿತ್ತು? ಅವನ ಮಣ್ಣಿಗೆ ಬಂದಾಗ್ಲೂ ಬೇಲಿ ಹತ್ರ ನಿಂತು ಹೋದೆ ನೀನು."

"ತಪ್ಪಾಯ್ತು ಪೂಜಿ. ತುದಿ ಕೋಣೆ ಹಂಗೇ ಬಿಟ್ಟಿದೀನಿ. ನೀನು ಹೂಂ ಅಂದ್ರೆ ಮಾತ್ರ ಅದಕ್ಕೆ ಕೆಂಪು ಬಣ್ಣ."

ದೇವರೇ, ಇವನನ್ನು ದ್ವೇಷಿಸಲೂ ಆಗುತ್ತಿಲ್ಲವಲ್ಲ...

ಅವಳು ಒಳಗೆ ಹೋಗಿ ಕಿಟಕಿಗಳ ಅಳತೆ ತೆಗೆದಳು. ಹೊರಡುವಾಗ ಟೇಪು ಸುತ್ತುತ್ತಾ ಹೇಳಿದಳು.

"ನಾಳೆ ಮನೆಗ್ ಬಾ. ಅವತ್ತು ಅಪ್ಪ ಹೊಸ ಪಂಚೆ ಉಟ್ಟು ಕಾಯ್ತಾ ಕೂತಿದ್ದ ಜಗ್ಲಿ ಮೇಲೇ ಕೂತ್ಕೊಂಡು, ಅಮ್ಮಂಗೆ ಎಲ್ಲಾ ಹೇಳು."

"ಅಮ್ಮ ಏನಂತಾರೆ?"

"ಬೈತಾಳೆ. ಬೈಸ್ಕೊ."

"ನೀನು?"

"ನಾನೂ ಬೈತೀನಿ... ಜೀವಮಾನ ಪೂರ್ತಿ ಬೈತೀನಿ."

ಅವನ ಕಣ್ಣು ತುಂಬಿತು. "ಬೈಯಿ ಪೂಜಿ. ಸುಮ್ನೆ ಮಾತ್ರ ಇರ್ಬೇಡ."

"ಸುಮ್ನೆ ಇದ್ದೋಳು ನಾನಲ್ಲ ಕಣೋ," ಎಂದಳು ಅವಳು, ಅಳುತ್ತಲೇ.