ಮಾತಾಡುತ್ತ ಬಂದ ಕ್ಲಚ್ ಪ್ಲೇಟ್

"ನಮಸ್ಕಾರ. ನಾನು ನಿಮ್ಮ ಕ್ಲಚ್ ಪ್ಲೇಟ್ ಮಾತನಾಡುತ್ತಿದ್ದೇನೆ. ನಾನು ಇನ್ನೂ ಹೊರಟಿಲ್ಲ."

ಕೊಟ್ರಮ್ಮನ ಎರಡು ಕಿವಿಗೂ ಒಂದೊಂದು ಫೋನು ಅಂಟಿಕೊಂಡಿತ್ತು. ಎಡಗಿವಿಯಲ್ಲಿ ಕ್ಲಚ್ ಪ್ಲೇಟು. ಬಲಗಿವಿಯಲ್ಲಿ ಹುಬ್ಬಳ್ಳಿಯ ಬಿಡಿಭಾಗಗಳ ವ್ಯಾಪಾರಿ ವಾಗೀಶಪ್ಪ.

"ಅಕ್ಕಾರ, ಮುಂಜಾನೇನ ಹೊಂಟೈತ್ರಿ ನಿಮ್ಮ ಪ್ಲೇಟ್. ಇಷ್ಟೊತ್ತಿಗೆ ಹಾವೇರಿ ದಾಟಿರಬೇಕ" ಎಂದ ವಾಗೀಶಪ್ಪ.

"ನಾನು ಅಂಗಡಿಯ ಗಲ್ಲಾದ ಪಕ್ಕದಲ್ಲಿದ್ದೇನೆ" ಎಂದಿತು ಪ್ಲೇಟು. "ನನ್ನ ಮೇಲೆ ಈಗಷ್ಟೇ ಒಂದು ಬಿಸಿ ಲೋಟ ಇಟ್ಟಿದ್ದಾರೆ. ಶಾಖದ ಮಟ್ಟ ನೋಡಿದರೆ ಚಹಾ ಇರಬೇಕು."

"ವಾಗೀಶಪ್ಪ, ಚಾ ಕುಡೀತಾ ಇದ್ದೀಯೇನಪ್ಪ?"

ಬಲಗಿವಿಯಲ್ಲಿ ಹುಷಾರಾದ ಧ್ವನಿ: "ಹೌದ್ರಿ... ನಿಮಗ ಹೆಂಗ ಗೊತ್ತಾತು?"

"ಲೋಟ ಎತ್ತು ಮೊದ್ಲು. ನನ್ನ ಪ್ಲೇಟಿನ ಮೇಲಿಟ್ಟಿದ್ದೀಯ!"

ಎಡಗಿವಿಯಲ್ಲಿ ಪ್ಲೇಟು ವರದಿ ಮಾಡಿತು. "ಎತ್ತಿದರು. ಧನ್ಯವಾದ."

ಬಲಗಿವಿಯಲ್ಲಿ ವಾಗೀಶಪ್ಪ ಧೃತಿಗೆಡಲಿಲ್ಲ. "ಅದು ಬ್ಯಾರೆ ಪ್ಲೇಟ್ರಿ ಅಕ್ಕಾರ. ನಿಮ್ಮದು ಹೊಂಟೈತಿ."

ದಾವಣಗೆರೆಯ ರೈಲು ನಿಲ್ದಾಣದ ಎದುರು, ಬೇವಿನ ಮರದ ಕೆಳಗೆ ಕೊಟ್ರಮ್ಮನ ಮಂಡಕ್ಕಿ ಮೆಣಸಿನಕಾಯಿಯ ವ್ಯಾನು ನಿಲ್ಲುತ್ತಿತ್ತು. ಆ ಕಾಲಕ್ಕೆ ಊರಿನ ಗಾಡಿಗಳೆಲ್ಲ ವಿದ್ಯುತ್ತಿನಿಂದ, ಬೆಕ್ಕು ನಡೆದಂತೆ ಸದ್ದಿಲ್ಲದೆ ಓಡಾಡುತ್ತಿದ್ದವು. ಕೊಟ್ರಮ್ಮನದು ಮಾತ್ರ ಹಳೆಯ ಡೀಸೆಲ್ ವ್ಯಾನು. ಮೆಣಸಿನಕಾಯಿ ಕರಿದು ಉಳಿದ ಎಣ್ಣೆಯನ್ನೇ ಸೋಸಿ, ಸಂಸ್ಕರಿಸಿ ಅವಳು ಅದಕ್ಕೆ ಕುಡಿಸುತ್ತಿದ್ದಳು. ಹೀಗಾಗಿ ಅದು ಹೋದ ದಾರಿಯಲ್ಲೆಲ್ಲ ಬಜ್ಜಿಯ ಘಮ ಹರಡಿ, ಮೂಗು ಅರಳಿಸಿಕೊಂಡು ಜನ ಹಿಂದೆಯೇ ಬರುತ್ತಿದ್ದರು. ಬೇರೆ ಜಾಹೀರಾತು ಅವಳಿಗೆ ಬೇಕಿರಲಿಲ್ಲ. ಆದರೆ ವ್ಯಾನನ್ನು ತಯಾರಿಸಿದ ಕಂಪನಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಅದರ ಬಿಡಿಭಾಗಗಳನ್ನು ಯಾರ್ಯಾರೋ ಎಲ್ಲೆಲ್ಲೋ ತಯಾರಿಸುತ್ತಿದ್ದರು, ವಾಗೀಶಪ್ಪನಂಥವರು ಮಾರುತ್ತಿದ್ದರು. ಯಾವುದೇ ಬಿಡಿಭಾಗ ಕೇಳಿದರೂ ಅದು 'ದಾರಿಯಲ್ಲಿದೆ' ಎಂಬ ಉತ್ತರ ಬರುತ್ತಿತ್ತು.

ಈಗ ಕ್ಲಚ್ ಸುಟ್ಟು ವ್ಯಾನು ಮನೆಯ ಮುಂದೆ ಮಲಗಿತ್ತು. ಊರಿನ ಆಡಳಿತದ ನಿಯಮ ಕಟ್ಟುನಿಟ್ಟಾಗಿತ್ತು. ತಿಂಗಳ ಕೊನೆಯ ಸಂಜೆ ಬೀದಿದೀಪ ಹತ್ತುವ ಹೊತ್ತಿಗೆ ಯಾವ ಗಾಡಿಯ ಜಾಗ ಖಾಲಿ ಇರುತ್ತದೋ ಆ ಜಾಗ ಸರದಿಯಲ್ಲಿದ್ದ ಮುಂದಿನವರಿಗೆ ಹೋಗುತ್ತದೆ. ಇದನ್ನು ನೋಡಿಕೊಳ್ಳಲು ರಸ್ತೆಯಲ್ಲೇ ಹುದುಗಿಸಿದ 'ನೆಲಗಣ್ಣು' ಎಂಬ ಯಂತ್ರವಿತ್ತು. ಅದಕ್ಕೆ ಚಕ್ರಗಳ ಭಾರ ಮಾತ್ರ ತಿಳಿಯುತ್ತಿತ್ತು, ಕಷ್ಟಸುಖ ತಿಳಿಯುತ್ತಿರಲಿಲ್ಲ. ಸರದಿಯಲ್ಲಿ ಮೊದಲು ನಿಂತಿದ್ದುದು ತಾನೇ ಓಡಾಡಿ ಮಾರುವ ಒಂದು ಸ್ವಯಂಚಾಲಿತ ನೂಡಲ್ಸ್ ಪೆಟ್ಟಿಗೆ. ಕೊಟ್ರಮ್ಮ ಆ ಕಡೆ ಹೋದಾಗಲೆಲ್ಲ ಅದು ಬೇವಿನ ಮರದ ಸುತ್ತ ಅಳತೆ ತೆಗೆಯುತ್ತಿರುವುದು ಕಾಣುತ್ತಿತ್ತು.

ಪ್ಲೇಟಿಗೆ ಅಂಟಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದ ಪುಟ್ಟ ಸಾಧನದ ಹೆಸರು ನುಡಿಬಿಲ್ಲೆ. ಅದನ್ನು ಕಂಡುಹಿಡಿದವರು ಅದೇ ಊರಿನ ಲೋಹವಿಜ್ಞಾನಿ ಡಾ. ಷಡಕ್ಷರಿ. ಬಿಡಿಭಾಗ ಕೊಂಡು ಕಾದು ಕಾದು ರೋಸಿಹೋದ ಗ್ರಾಹಕರ ಗಲಾಟೆಯಿಂದಾಗಿ, ಪ್ರತಿಯೊಂದು ಬಿಡಿಭಾಗಕ್ಕೂ ಕಾರ್ಖಾನೆಯಲ್ಲೇ ನುಡಿಬಿಲ್ಲೆ ಬೆಸೆಯಬೇಕೆಂಬ ಕಾನೂನು ಆಗ ತಾನೇ ಬಂದಿತ್ತು. ಇದೂ ಒಂದು ಸ್ಟಿಕ್ಕರ್ ಎಂದುಕೊಂಡು ವ್ಯಾಪಾರಿಗಳು ಸುಮ್ಮನಿದ್ದರು.

ಕೊಟ್ರಮ್ಮ ಮನೆಯ ಒಲೆಯಲ್ಲೇ ಒಂದಿಷ್ಟು ಮೆಣಸಿನಕಾಯಿ ಕರಿದು, ಪೊಟ್ಟಣ ಕಟ್ಟಿಕೊಂಡು ಷಡಕ್ಷರಿಯವರ ಪ್ರಯೋಗಾಲಯಕ್ಕೇ ಹೋದಳು. ಅವರು ಅವಳ ಹಳೆಯ ಗಿರಾಕಿ.

"ಸಾರ್, ಸುಳ್ಳು ಹೇಳ್ತಿರೋದು ನಿಮ್ಮ ಬಿಲ್ಲೆಯೋ, ಆ ವಾಗೀಶಪ್ಪನೋ?"

"ಬಿಲ್ಲೆಗೆ ಸುಳ್ಳು ಹೇಳೋಕೆ ಬರೋದಿಲ್ಲ, ಕೊಟ್ರಮ್ಮ" ಎಂದರು ಷಡಕ್ಷರಿ, ಪೊಟ್ಟಣ ಬಿಚ್ಚುತ್ತ. "ಅದು ಬೆಳಕು, ಶಾಖ, ಕಂಪನ, ತಾನಿರುವ ಜಾಗ ಇವನ್ನು ಗ್ರಹಿಸುತ್ತೆ. ಸುತ್ತಲಿನವರ ಮಾತು ಕೇಳಿಸಿಕೊಳ್ಳುತ್ತೆ. ಗ್ರಹಿಸಿದ್ದನ್ನು, ಕೇಳಿಸಿಕೊಂಡಿದ್ದನ್ನು ಮಾತ್ರ ಹೇಳುತ್ತೆ, ಕೊಂಡವರಿಗೆ ಫೋನಿನಲ್ಲಿ ಮೆಲ್ಲಗೆ, ಎದುರಿಗಿದ್ದವರಿಗೆ ಗಟ್ಟಿಯಾಗಿ."

"ಅಷ್ಟು ಸಣ್ಣದಕ್ಕೆ ಅಷ್ಟು ದೊಡ್ಡ ಗಂಟಲು ಎಲ್ಲಿಂದ ಬಂತು?"

"ಅಂಟಿಕೊಂಡ ಲೋಹವೇ ಅದರ ಗಂಟಲು. ಬಿಲ್ಲೆ ಲೋಹವನ್ನು ಅದುರಿಸುತ್ತೆ, ಲೋಹ ಮಾತಾಡುತ್ತೆ. ಅದಕ್ಕೇ ಸೈಲೆನ್ಸರಿನ ಧ್ವನಿ ಗಡಸು, ಸ್ಪಾರ್ಕ್ ಪ್ಲಗ್ಗಿನದು ಕೀರಲು. ನಿಮ್ಮ ಪ್ಲೇಟಿನಲ್ಲಿ ಸ್ಪ್ರಿಂಗುಗಳಿವೆ ನೋಡಿ, ಅದಕ್ಕೆ ಮಾತಿನ ಕೊನೆಯಲ್ಲಿ ಗೆಜ್ಜೆ ಅಲುಗಿದಂತೆ ಕೇಳಿಸುತ್ತೆ. ಬಿಲ್ಲೆಯನ್ನು ಕಿತ್ತರೆ ಎರಡೂ ಮೂಕ."

"ಗಾಡಿಗೆ ಹಾಕಿದ ಮೇಲೂ ಹಿಂಗೇ ವಟಗುಟ್ಟುತ್ತಾ?"

"ಇಲ್ಲ. ಗಾಡಿಯೊಳಗಿನ ಶಾಖಕ್ಕೆ ಬಿಲ್ಲೆ ಕರಗಿಹೋಗುತ್ತೆ. ಗಾಡಿ ಸೇರುವವರೆಗೆ ಮಾತ್ರ ಅದರ ಆಯುಸ್ಸು. ಅದಕ್ಕೆ ನಾನು ಕೊಟ್ಟಿರೋದು ಎರಡೇ ಆಜ್ಞೆ. ನಿಜ ಹೇಳು, ನಿನ್ನ ಗಾಡಿಯನ್ನು ಸೇರು."

"ಸೇರು ಅಂದ್ರೆ? ಅದಕ್ಕೇನು ಕಾಲಿದೆಯಾ ಸಾರ್?"

"ಎರಡನೆಯದು ಸುಮ್ಮನೆ ಶಾಸ್ತ್ರಕ್ಕೆ" ಎಂದು ಷಡಕ್ಷರಿ ನಕ್ಕು ಎರಡನೆಯ ಮೆಣಸಿನಕಾಯಿಗೆ ಕೈ ಹಾಕಿದರು.

ಮನೆಯಲ್ಲಿ ಸುಮ್ಮನೆ ಕೂರುವ ಅಭ್ಯಾಸ ಕೊಟ್ರಮ್ಮನಿಗಿರಲಿಲ್ಲ. ಇಷ್ಟು ವರ್ಷ ಸಂಜೆಯಾದರೆ ನೂರು ಬಾಯಿಗಳೊಡನೆ ಮಾತಾಡಿದ ಹೆಂಗಸು. ಈಗ ಮಾತಿಗೆ ಸಿಗುತ್ತಿದ್ದುದು ಪ್ಲೇಟು ಮಾತ್ರ. ಸಂಜೆಯಾದರೆ ಅದು ಫೋನು ಮಾಡುತ್ತಿತ್ತು. ಮೊದಮೊದಲು ಪಾಠದ ಪುಸ್ತಕದಂತೆ ಮಾತಾಡುತ್ತಿದ್ದ ಅದು, ಅಂಗಡಿಯ ಸಹವಾಸದಿಂದ ಬರಬರುತ್ತ ಅಪ್ಪಟ ಹುಬ್ಬಳ್ಳಿಯದಾಯಿತು.

"ಅಕ್ಕಾರ, ಇವತ್ತು ಹಾರ್ನ್ ಒಂದು ಹೊಂಟ್ಹೋತ್ರಿ. ನನಗಿಂತ ಆಮ್ಯಾಲೆ ಬಂದಿತ್ತು. ಭಾಳ ಬ್ಯಾಸರಾತು."

"ನೀನು ಅಳಬೇಡ ಮಾರಾಯ. ಇಲ್ಲಿಗೆ ಬಾ. ಮಂಡಕ್ಕಿಗೆ ಈರುಳ್ಳಿ, ಖಾರ, ಎಣ್ಣೆ ಹಾಕಿ ಕಲಸಿ, ಪಕ್ಕಕ್ಕೆ ಬಿಸಿಬಿಸಿ ಮೆಣಸಿನಕಾಯಿ ಇಟ್ಟು ಕೊಡ್ತೀನಿ."

"ನಾ ತಿನ್ನಾಂಗಿಲ್ಲರಿ ಅಕ್ಕಾರ. ನಾ ಕಬ್ಬಿಣ."

"ಹಂಗಾದ್ರೆ ನಿನ್ನನ್ನ ಕರ್ಕೊಂಡು ಬಂದವರಿಗೆ ಕೊಡ್ತೀನಿ. ಯಾರೇ ಇರ್ಲಿ, ಎಷ್ಟೇ ಜನ ಇರ್ಲಿ, ಹೊಟ್ಟೆ ತುಂಬ. ಕೊಟ್ರಮ್ಮನ ಮಾತು."

ಅವಳು ಅದನ್ನು ಹೇಳಿದ್ದು ಮಗುವನ್ನು ಸಮಾಧಾನ ಮಾಡುವಂತೆ. ಪ್ಲೇಟು ನಿಧಾನವಾಗಿ ಕೇಳಿತು. "ಇದನ್ನ ನಾ ಮಂದಿಗೆ ಹೇಳಬಹುದೇನ್ರಿ?"

"ಡಂಗುರ ಹೊಡಿ ಹೋಗು!" ಎಂದು ಕೊಟ್ರಮ್ಮ ನಕ್ಕು ಫೋನು ಇಟ್ಟಳು.

ಮರುದಿನ ವಾಗೀಶಪ್ಪನ ಅಂಗಡಿಗೆ ಬಳೆ ವ್ಯಾಪಾರದ ಹೆಂಗಸೊಬ್ಬಳು ಸ್ಕೂಟರಿನ ಕನ್ನಡಿ ಕೇಳಿಕೊಂಡು ಬಂದಳು. ಗಲ್ಲಾದ ಪಕ್ಕದಿಂದ ಧ್ವನಿ ಬಂತು. "ಅಕ್ಕಾರ, ಹಾವೇರಿ ಕಡೆ ಹೊಂಟೀರೇನು? ನನ್ನೂ ಕರ್ಕೊಂಡು ಹೋಗ್ರಿ. ದಾವಣಗೇರಿಯೊಳಗ ಹೊಟ್ಟೆ ತುಂಬ ಮಂಡಕ್ಕಿ ಮೆಣಸಿನಕಾಯಿ ಕೊಡ್ತಾರ." ಅವಳು ವಾಗೀಶಪ್ಪನ ಮುಖ ನೋಡಿ, "ಇದನ್ನ ಒಯ್ಯಲೇನ್ರಿ?" ಎಂದಳು. ವಾಗೀಶಪ್ಪ ಫೋನಿನಲ್ಲಿ ಇನ್ಯಾರಿಗೋ "ಹೊಂಟೈತ್ರಿ, ಹೊಂಟೈತಿ" ಎನ್ನುತ್ತಿದ್ದ. ಅವನು ಹೂಂ ಎಂದು ತಲೆಯಾಡಿಸಿದ. ಹೀಗೆ ಅವನ ವ್ಯಾಪಾರದ ಇತಿಹಾಸದಲ್ಲೇ ಮೊದಲ ಬಾರಿಗೆ ಒಂದು ವಸ್ತು, ಅವನು ಹೊರಟಿದೆ ಎಂದ ಗಳಿಗೆಯಲ್ಲೇ ಹೊರಟಿತು.

ಆ ಸಂಜೆ ಫೋನು ಬಂದಾಗ ಪ್ಲೇಟಿನ ಸ್ಪ್ರಿಂಗುಗಳು ಕುಣಿಯುತ್ತಿದ್ದವು. "ಅಕ್ಕಾರ, ನಾ ಹಾವೇರಿ ಬಸ್ ಸ್ಟ್ಯಾಂಡ್‌ನ್ಯಾಗ ಅದೀನ್ರಿ! ಬಳೆ ಬುಟ್ಟಿಯೊಳಗ!"

ಕೊಟ್ರಮ್ಮ ಹಿಟ್ಟಿನ ಪಾತ್ರೆಯನ್ನೇ ಕೈಬಿಟ್ಟಳು. ಅವಳು ಷಡಕ್ಷರಿಯವರಿಗೆ ವಿಷಯ ತಿಳಿಸಿದಾಗ, ಅವರು ತಮ್ಮ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮತ್ತೆ ತೆಗೆದರು.

"ಅದಕ್ಕೆ ಕಾಲಿಲ್ಲ ಅಂತ ಮಾತ್ರ ಯೋಚಿಸಿದ್ದೆ" ಎಂದರು. "ಊರಿನವರಿಗೆಲ್ಲ ಕಾಲಿದೆ ಅನ್ನೋದು ತಲೆಗೆ ಹೊಳೀಲೇ ಇಲ್ಲ."

ಪ್ರಯಾಣವೇನೋ ನೇರವಾಗಿರಲಿಲ್ಲ. ಹಾವೇರಿಯಲ್ಲಿ ಒಂದು ವಾಲಿಬಾಲ್ ತಂಡ ಪ್ಲೇಟನ್ನು ಸಂತೋಷದಿಂದ ಹತ್ತಿಸಿಕೊಂಡು, ಪಂದ್ಯಕ್ಕೆಂದು ಎದುರು ದಿಕ್ಕಿನ ಗದಗಿಗೆ ಹೋಯಿತು. ಅಲ್ಲಿ ಪ್ಲೇಟು ಅಂಕಗಳನ್ನು ಕೂಗಿ ಹೇಳಿ ಜನಪ್ರಿಯವಾಯಿತು. ಗೆದ್ದ ಹುಡುಗರು, ಕರ್ಕೊಂಡು ಬಂದವರು ನಾವೂ ಹೌದಲ್ಲ ಎಂದು ಅದರ ಜೊತೆಯಲ್ಲೇ ಉಳಿದರು. ಬಳೆಯ ಹೆಂಗಸೂ ತನ್ನ ಪಾಲು ಬಿಟ್ಟುಕೊಡಲು ಸಿದ್ಧಳಿರಲಿಲ್ಲ. ರಾಣೆಬೆನ್ನೂರಿನಲ್ಲಿ, ದಾವಣಗೆರೆಗೆ ಹೊರಟಿದ್ದ ಒಂದು ಮದುವೆಯ ದಿಬ್ಬಣದ ಹಳೆಯ ಡೀಸೆಲ್ ಬಸ್ಸು ಇವರನ್ನೆಲ್ಲ ಹತ್ತಿಸಿಕೊಂಡಿತು. ಹರಿಹರದಲ್ಲಿ ಬಸ್ಸಿನ ಕೆಳಗಿನಿಂದ ಗಡಸು ದನಿಯೊಂದು, "ನಾನು ಈ ಬಸ್ಸಿನ ಸೈಲೆನ್ಸರು. ಹೊಸದಾಗಿ ಬಂದವನು, ಬಿಲ್ಲೆ ಇನ್ನೂ ಪೂರ್ತಿ ಕರಗಿಲ್ಲ. ನನ್ನ ನಟ್ಟು ಸಡಿಲವಾಗಿದೆ" ಎಂದು ಸತ್ಯ ನುಡಿದು, ಆಮೇಲೆ ಕಳಚಿ ಬಿದ್ದಿತು. ಅದನ್ನು ಕಟ್ಟುವಷ್ಟರಲ್ಲಿ ತಿಂಗಳ ಕೊನೆಯ ದಿನ ಮಧ್ಯಾಹ್ನ ಇಳಿದಿತ್ತು.

ದಿಬ್ಬಣ ಕೊಟ್ರಮ್ಮನ ಮನೆಯ ಮುಂದೆ ನಿಂತಾಗ ಬಿಸಿಲು ಹಳದಿಯಾಗುತ್ತಿತ್ತು. ಬಳೆಯ ಹೆಂಗಸು ಸೆರಗಿನಲ್ಲಿ ಸುತ್ತಿಟ್ಟಿದ್ದ ಪ್ಲೇಟನ್ನು ಅವಳ ಕೈಗಿತ್ತಳು.

"ಮುಟ್ಟಿದೆನ್ರಿ ಅಕ್ಕಾರ!" ಎಂದಿತು ಪ್ಲೇಟು.

ಕೊಟ್ರಮ್ಮ ಅದನ್ನು ಎದೆಗೊತ್ತಿಕೊಂಡಳು. ಮರುಕ್ಷಣವೇ ಅವಳ ಮುಖ ಕಳೆಗುಂದಿತು. ಕ್ಲಚ್ ಹಾಕಬೇಕಾದರೆ ಗೇರ್ ಬಾಕ್ಸನ್ನೇ ಇಳಿಸಬೇಕು. ಮೆಕ್ಯಾನಿಕ್ಕಿಗೆ ಒಂದಿಡೀ ದಿನದ ಕೆಲಸ. ದೀಪ ಹತ್ತಲು ಉಳಿದಿದ್ದುದು ಗಂಟೆಯೊಳಗಿನ ಸಮಯ. ನಿಲ್ದಾಣದ ರಸ್ತೆಯಲ್ಲಿ, ಗಾಡಿ ಎಳೆಯುವ ಗಾಡಿಗಳಿಗೆ ಪ್ರವೇಶವೂ ಇರಲಿಲ್ಲ.

"ಆಗಲ್ಲ ಕಣಪ್ಪ" ಎಂದಳು ಮೆಲ್ಲಗೆ, ಪ್ಲೇಟಿಗೆ ಮಾತ್ರ ಕೇಳುವಂತೆ. "ನೀನು ಇಷ್ಟು ದೂರ ಬಂದೆ. ಆದ್ರೂ ಜಾಗ ಹೋಯ್ತು."

ಪ್ಲೇಟಿಗೆ ಗುಟ್ಟು ಇಟ್ಟುಕೊಳ್ಳಲು ಬರುತ್ತಿರಲಿಲ್ಲ. ಅದು ದಿಬ್ಬಣಕ್ಕೆಲ್ಲ ಕೇಳುವಂತೆ ಗೆಜ್ಜೆ ಕುಣಿಸಿ ಸಾರಿತು. "ಕೇಳ್ರಪೋ! ದೀಪ ಹತ್ತೂದರೊಳಗ ಈ ವ್ಯಾನು ಬೇವಿನ ಗಿಡದ ಕೆಳಗ ನಿಲ್ಲದಿದ್ದರ ಅಕ್ಕನ ಜಾಗ ಹೋಗತೈತಿ. ಜಾಗ ಹೋದರ ಮೆಣಸಿನಕಾಯಿ ಇಲ್ಲ!"

ಹುಬ್ಬಳ್ಳಿಯಿಂದ, ಹಾವೇರಿಯಿಂದ, ಗದಗಿನಿಂದ ಬಾಯಲ್ಲಿ ನೀರೂರಿಸಿಕೊಂಡು ಬಂದ ಜನ ಅವರು. ವಾಲಿಬಾಲ್ ತಂಡದ ನಾಯಕ ಅಂಗಿಯ ತೋಳು ಮಡಿಸಿದ. "ಗೇರು ನ್ಯೂಟ್ರಲ್‌ಗೆ ಹಾಕ್ರಿ ಅಮ್ಮಾರ. ಹಿಡಿಯೋ ಎಲ್ಲಾರೂ!"

ಕೊಟ್ರಮ್ಮ ಸ್ಟೀರಿಂಗ್ ಹಿಡಿದಳು. ಪ್ಲೇಟು ಅವಳ ಪಕ್ಕದ ಸೀಟಿನಲ್ಲಿ. ಹಿಂದೆ ವಾಲಿಬಾಲ್ ತಂಡ, ಬೀಗರು, ಪಂಚೆ ಎತ್ತಿ ಕಟ್ಟಿದ ಮದುಮಗ. "ಬಾಸಿಂಗ ಹುಷಾರು ಕಣೋ!" ಎಂದು ಅವನ ಸೋದರಮಾವ ಕೂಗುತ್ತಿದ್ದರು. ದಿಬ್ಬಣದ ಬ್ಯಾಂಡಿನವರು ಮುಂದೆ ಬಾರಿಸುತ್ತ ನಡೆದರು. ಮೇಲ್ಸೇತುವೆಯ ಏರಿನಲ್ಲಿ ವ್ಯಾನು ನಿಂತೇಬಿಟ್ಟಿತು, ಹಿಂದಕ್ಕೆ ಒಂದು ಗೇಣು ಜಾರಿತು. ಆಗ ಪ್ರಯೋಗಾಲಯದಿಂದ ಓಡೋಡಿ ಬಂದ ಡಾ. ಷಡಕ್ಷರಿ, ಗುರುತ್ವದ ಬಗ್ಗೆ ತಮಗೆ ಗೊತ್ತಿದ್ದುದನ್ನೆಲ್ಲ ಮರೆತು, ಭುಜ ಕೊಟ್ಟರು. "ಐಸಾ!" ಎಂದಿತು ಪ್ಲೇಟು. "ಐಸಾ!" ಎಂದರು ಎಲ್ಲರೂ. ಇಳಿಜಾರಿನಲ್ಲಿ ವ್ಯಾನು ತಾನೇ ಓಡಿತು, ಹಿಂದೆ ದಿಬ್ಬಣವೂ ಓಡಿತು.

ಬೇವಿನ ಮರದ ಕೆಳಗೆ ನೂಡಲ್ಸ್ ಪೆಟ್ಟಿಗೆ ಆಗಲೇ ತನ್ನ ಮುಂದಿನ ಚಕ್ರವನ್ನು ಚಾಚಿತ್ತು. ಎದುರಿನಿಂದ ಬ್ಯಾಂಡು, ವ್ಯಾನು, ಮದುಮಗ ಎಲ್ಲರೂ ನುಗ್ಗಿ ಬರುವುದನ್ನು ಗ್ರಹಿಸಿ, "ದಾರಿ ಕೊಡಲಾಗುತ್ತಿದೆ" ಎಂದು ಹಿಂದೆ ಸರಿಯಿತು. ವ್ಯಾನಿನ ನಾಲ್ಕು ಚಕ್ರಗಳೂ ನೆಲಗಣ್ಣಿನ ಮೇಲೆ ಕೂತವು. ಬೀದಿದೀಪಗಳು ಹತ್ತಿದವು.

ಆ ಸಂಜೆ ಕೊಟ್ರಮ್ಮ ಕರಿದಷ್ಟು ಮೆಣಸಿನಕಾಯಿಯನ್ನು ಬೇವಿನ ಮರ ಹಿಂದೆಂದೂ ಕಂಡಿರಲಿಲ್ಲ. ಮದುಮಗ ಖಾರಕ್ಕೆ ಕಣ್ಣೀರು ಸುರಿಸುತ್ತ ಮೂರನೆಯ ಪ್ಲೇಟು ಕೇಳಿದ. ಗದ್ದಲದ ನಡುವೆ ಫೋನು ಬಂತು. ವಾಗೀಶಪ್ಪ ತಾನಾಗಿಯೇ ಮಾಡಿದ್ದ ಮೊದಲ ಕರೆ ಅದು.

"ಅಕ್ಕಾರ, ನಿಮ್ಮ ಪ್ಲೇಟ್ ದಾರ್ಯಾಗ ಐತ್ರಿ. ನಾಳೆ ಗ್ಯಾರಂಟಿ."

ಕೊಟ್ರಮ್ಮನ ಕೈತುಂಬ ಹಿಟ್ಟಿತ್ತು. ಉತ್ತರಿಸಿದ್ದು ಪ್ಲೇಟು. "ವಾಗೀಶಪ್ಪಾರ, ನಾ ಮುಟ್ಟಿ ಭಾಳ ಹೊತ್ತಾತ್ರಿ. ನಿಮ್ಮ ಚಾದ ಲೋಟಕ್ಕ ಬ್ಯಾರೆ ಏನರ ಹುಡುಕ್ರಿ."

ಪ್ಲೇಟನ್ನು ಗಾಡಿಗೆ ಹಾಕಲು ಮರುದಿನ ಮೆಕ್ಯಾನಿಕ್ ಬಂದ. ಹಾಕಿದರೆ ಬಿಲ್ಲೆ ಕರಗಿ ಅದರ ಮಾತು ನಿಲ್ಲುತ್ತದೆಂದು ಕೊಟ್ರಮ್ಮ ಅದನ್ನು ವ್ಯಾನಿನಲ್ಲೇ ಬಾಣಲೆಯ ಮೇಲಿನ ಕಪಾಟಿನಲ್ಲಿ, ದೇವರ ಪಟದ ಪಕ್ಕ ಇಟ್ಟುಬಿಟ್ಟಿದ್ದಳು. ಅಲ್ಲಿಂದ ಅದು ಗಿರಾಕಿಗಳ ಊರು ಕೇರಿ ವಿಚಾರಿಸುತ್ತಿತ್ತು.

"ನನ್ನ ಎರಡನೆಯ ಆಜ್ಞೆ ಪೂರಾ ಆಗಿಲ್ಲರಿ" ಎಂದು ಅದು ಷಡಕ್ಷರಿಯವರಿಗೆ ನೆನಪಿಸಿತು.

"ಗಾಡಿಯನ್ನು ಸೇರು ಅಂತ ಹೇಳಿದ್ದೆ" ಎಂದರು ಅವರು, ಬಾಯಿ ತುಂಬಿಕೊಂಡು. "ಸೇರಿದ್ದೀಯಲ್ಲ, ಗಾಡಿಯೊಳಗೇ ಇದ್ದೀಯ. ಯಾವ ಜಾಗದಲ್ಲಿ ಅಂತ ನಾನು ಹೇಳಿರಲಿಲ್ಲ."

ಅಂದಿನಿಂದ ವ್ಯಾನನ್ನು ಮನೆಯಿಂದ ಮರದವರೆಗೆ ತಳ್ಳಿಕೊಂಡು ಬರುವುದು ಊರಿನ ಪದ್ಧತಿಯಾಯಿತು. ತಳ್ಳಿದವರಿಗೆ ಮೊದಲ ಬಿಸಿ ಮೆಣಸಿನಕಾಯಿ. ಕಾಲೇಜಿನವರು, ರೈಲಿಳಿದವರು, ಸಂಜೆ ವಾಯುವಿಹಾರಕ್ಕೆಂದು ಹೊರಟವರು ಸರದಿ ಹಚ್ಚಿ ನಿಲ್ಲತೊಡಗಿದರು. ಏರಿನಲ್ಲಿ ಭುಜಕ್ಕೆ ಭುಜ ತಾಗಿಸಿ ಪರಿಚಯವಾದವರ ನಡುವೆ ಒಂದೆರಡು ಮದುವೆಯ ಮಾತುಕತೆಗಳೂ ನಡೆದವು.

ಆದರೂ ಗಾಡಿ ಎಂದ ಮೇಲೆ ಓಡಬೇಕಲ್ಲ ಎಂದು ಕೊಟ್ರಮ್ಮ ವಾಗೀಶಪ್ಪನಿಗೆ ಇನ್ನೊಂದು ಪ್ಲೇಟಿಗೆ ಹೇಳಿದಳು. ಯಥಾಪ್ರಕಾರ ಕಾಯುವುದಿದ್ದೇ ಇದೆ ಎಂದುಕೊಂಡು ನೆಮ್ಮದಿಯಿಂದಿದ್ದಳು.

ಆದರೆ ಚಹಾದ ಲೋಟದ ಸುದ್ದಿ ಹುಬ್ಬಳ್ಳಿಯೆಲ್ಲ ಹಬ್ಬಿ, ವಾಗೀಶಪ್ಪ ಪಾಠ ಕಲಿತಿದ್ದ. ಮರುದಿನ ಬೆಳಿಗ್ಗೆಯೇ ಫೋನು ಬಂತು.

"ನಮಸ್ಕಾರ. ನಾನು ನಿಮ್ಮ ಹೊಸ ಕ್ಲಚ್ ಪ್ಲೇಟ್ ಮಾತನಾಡುತ್ತಿದ್ದೇನೆ. ಆಗಲೇ ಹೊರಟಿದ್ದೇನೆ. ಮಧ್ಯಾಹ್ನದೊಳಗೆ ನಿಮ್ಮಲ್ಲಿರುತ್ತೇನೆ."

ಕೊಟ್ರಮ್ಮ ಹೌಹಾರಿದಳು. ಹೊರಗೆ, ವ್ಯಾನು ತಳ್ಳಲು ಸಂಜೆಗೆ ತನ್ನ ಸರದಿ ಬರುತ್ತದೋ ಇಲ್ಲವೋ ಎಂದು ಯಾರೋ ವಿಚಾರಿಸುತ್ತಿದ್ದರು. ಅವಳು ಫೋನನ್ನು ಸೆರಗಿನಿಂದ ಮುಚ್ಚಿ, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದಳು.

"ಅಷ್ಟು ಅವಸರ ಏನಿದೆಯಪ್ಪ? ಗದಗಿಗೆ ಹೋಗಿದ್ದೀಯಾ? ಇಲ್ಲವಾ? ಹೋಗಿ ನೋಡ್ಕೊಂಡು ಬಾ. ದಾರೀಲಿ ಯಾರಾದ್ರೂ ಸಿಕ್ರೆ ಮಾತಾಡ್ಸು. ನಿಧಾನಕ್ಕೆ ಬಾ."